ಲಾಳಿಗೆ ಬಾಯಿಟ್ಟ ಮನೆ

ಗಂಗಲಕ್ಷ್ಮಮ್ಮನ ಮುತ್ತಾತ ಕೆಂಚಪ್ಪ ಮಗ್ಗದ ಮರಗಳನ್ನು ತಲೆಯ ಮೇಲೆ ಹೊತ್ತು ತಂದು ದೊಡ್ಡಬಳ್ಳಾಪುರದಲ್ಲಿ ನೆಲೆಯೂರಿದವನು. ತಾತ ಹನುಮಂತಪ್ಪ ಬರಗಾಲದಲ್ಲಿ ಮನೆಯ ಬಾಗಿಲು ಮಾರಿದನೇ ಹೊರತು ಮಗ್ಗ ಮಾರಲಿಲ್ಲ. ಅಪ್ಪ ಆಂಜಿನಪ್ಪ ಲಾಳಿಯ ಕಣ್ಣಿಗೆ, ನೂಲು ಹೊರಬರುವ ಸಣ್ಣ ತೂತಿಗೆ, ಬಾಯಿಟ್ಟು ಒಂದೇ ಉಸಿರಿಗೆ ನೂಲನ್ನು ಆಚೆಗೆಳೆಯುತ್ತಿದ್ದ. ಆ ಚಳಕವನ್ನು ಮನೆಯಳಿಯನಾಗಿ ಬಂದ ಗಂಡ ಪಿಳ್ಳಣ್ಣನಿಗೂ, ಮಗಳು ಮುತ್ಯಾಲಮ್ಮನಿಗೂ ಕಲಿಸಿದವಳು ಗಂಗಲಕ್ಷ್ಮಮ್ಮನೇ.

ಸಾವಿರದ ಒಂಬೈನೂರ ನಲವತ್ತಮೂರನೇ ಇಸವಿಯಲ್ಲಿ ಪಿಳ್ಳಣ್ಣನಿಗೆ ಹೊಟ್ಟೆನೋವು ಹತ್ತಿತು. ಕಾಲು ಮಡಚಿಕೊಂಡು ಉರುಳಾಡುತ್ತಿದ್ದ. ಒಬ್ಬ ಡಾಕ್ಟರು, "ಕರುಳು ಊದಿದೆ, ಬೆಂಗಳೂರಿಗೆ ಹೋಗಿ ಹೊಟ್ಟೆ ಕುಯ್ಸಿ" ಎಂದರು. ಇನ್ನೊಬ್ಬರು, "ಅದು ಹುಣ್ಣು, ಕುಯ್ದರೆ ಆಸಾಮಿ ಉಳಿಯಲ್ಲ" ಎಂದರು.

"ಒಬ್ಬ ಕುಯ್ದು ಮೇಲಕ್ಕೆ ಕಳಿಸ್ತಾನೆ, ಇನ್ನೊಬ್ಬ ಕುಯ್ಯದೇನೇ ಕಳಿಸ್ತಾನೆ. ನೀನೇ ಆರಿಸಮ್ಮಿ" ಎಂದ ಪಿಳ್ಳಣ್ಣ.

"ಸುಮ್ಕೆ ಬಿದ್ಕೊ" ಎಂದಳು ಗಂಗಲಕ್ಷ್ಮಮ್ಮ. ಮರಳಿನ ಮೇಲೆ ಬೆರಳಾಡಿಸಿ ತಾನೇ ಅಕ್ಷರ ಕಲಿತ ಹೆಂಗಸು ಅವಳು. ಶಾಲೆಯ ಮೇಷ್ಟ್ರ ಮನೆಯಿಂದ ರಟ್ಟು ಕಿತ್ತುಹೋದ ವೈದ್ಯಪುಸ್ತಕ ತಂದು, ಹೊಟ್ಟೆನೋವು ಎಂದಿದ್ದ ಪುಟಗಳನ್ನೆಲ್ಲ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ನೋವು ಬಂದ ದಿನಕ್ಕೊಂದು ಸುಣ್ಣದ ಬೊಟ್ಟನ್ನು ಗೋಡೆಗಿಟ್ಟಳು. ಅಂದು ಮಗ್ಗದಲ್ಲಿದ್ದ ನೂಲಿನ ತುಣುಕನ್ನು ಪಕ್ಕದಲ್ಲೇ ಅಂಟಿಸಿದಳು. ಎರಡು ತಿಂಗಳಾಗುವ ಹೊತ್ತಿಗೆ ಬೊಟ್ಟುಗಳ ಪಕ್ಕದಲ್ಲೆಲ್ಲ ಹಳದಿಯೇ. ಯುದ್ಧದಿಂದ ಒಳ್ಳೆಯ ಬಣ್ಣ ಬರುವುದು ನಿಂತಾಗ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ಸಾವ್ಕಾರ ಗೋಪಾಲಪ್ಪ ಕೊಟ್ಟ ಹೊಸ ಹಳದಿ ಅದು.

ಕೆಲವು ಹಳದಿ ಬಣ್ಣಗಳಲ್ಲಿ ಸೀಸವಿರುತ್ತದೆ, ಅದು ಬಾಯಿಗೆ ಹೋದರೆ ಕರುಳು ಹಿಂಡುತ್ತದೆ, ವಸಡಿನಂಚಿಗೆ ನೀಲಿ ಗೆರೆ ಮೂಡುತ್ತದೆ ಎಂದಿತ್ತು ಪುಸ್ತಕ. ಅವಳು ಗಂಡನ ತುಟಿ ಎತ್ತಿ ನೋಡಿದಳು. ಹಲ್ಲಿನ ಬುಡದುದ್ದಕ್ಕೂ ನೀಲಿ ಮಸಿಯಲ್ಲಿ ಎಳೆದಂಥ ಗೆರೆ!

ಅಪ್ಪ ನೋವಿನಿಂದ ಮಲಗಿದಾಗಲೆಲ್ಲ ಅವನ ಬದಲು ಮಗ್ಗದಲ್ಲಿ ಕೂರುತ್ತಿದ್ದ ಮಗಳು ಆಗ ಲಾಳಿಯನ್ನು ತುಟಿಗೆತ್ತಿದ್ದಳು. ಗಂಗಲಕ್ಷ್ಮಮ್ಮ ಓಡಿಹೋಗಿ ಅದನ್ನು ಕಿತ್ತೆಸೆದಳು. "ಬಾಯ್ ತೆಗಿಯೇ!"

"ಯಾಕವ್ವಾ, ಬೂತ ಕಂಡಂಗಾಡ್ತಿ?"

ಅಲ್ಲೂ ಗೆರೆ. ಸಣ್ಣದು, ಆದರೂ ಗೆರೆಯೇ. ಗಂಗಲಕ್ಷ್ಮಮ್ಮ ಉಳಿದ ಹಳದಿ ನೂಲನ್ನೆಲ್ಲ ಗಂಟು ಕಟ್ಟಿದಳು. ಬಾಯಿಡಲು ಕಲಿಸಿದ್ದು ತಾನು.

ಅವತ್ತು ಸಂಜೆ ಗೋಪಾಲಪ್ಪನೇ ಬಂದ. "ನೋಡಮ್ಮ, ನಾನೇ ಮೋಟಾರು ಕಳಿಸ್ತೀನಿ, ಆಪರೇಷನ್ ಖರ್ಚೂ ನಂದೇ. ಹಳದಿ ಸೀರೆಗಳ್ನ ಮಾತ್ರ ನಿನ್ನ ಮಗಳ ಕೈಲಿ ಮುಗಿಸ್ಕೊಡು."

ಗಂಗಲಕ್ಷ್ಮಮ್ಮ ನೂಲಿನ ಗಂಟನ್ನು ಎತ್ತಿ ಅವನ ಕಾಲ ಬಳಿ ಇಟ್ಟಳು.

"ಬ್ಯಾಡಿ ಸಾವ್ಕಾರ್ರೇ. ಅವನ ಹೊಟ್ಟೇಲಿರೋದು ಕುಯ್ದು ತೆಗಿಯೋ ಅಂಥದ್ದಲ್ಲ, ನಿಮ್ಮ ಬಣ್ಣ. ನಿಮ್ಮ ಮೋಟಾರೂ ಬ್ಯಾಡ, ನೂಲೂ ಬ್ಯಾಡ. ನನ್ನ ಮನೆಯೋರ್ನ ನಾನು ನೋಡ್ಕೊತೀನಿ."