ಹನ್ನೆರಡನೆಯ ಒಲೆ

ಗಾಡಿಯಿಂದ ಇಳಿದ ನನ್ನನ್ನು ಆ ಅಂಗಳದಲ್ಲಿ ಯಾರೂ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಸೌದೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನನ್ನ ಪೆಟ್ಟಿಗೆಯನ್ನೂ ಅದರ ಮೇಲಿದ್ದ ಕುಚ್ಚಲಕ್ಕಿಯ ಗಂಟನ್ನೂ ನೋಡಿ, "ಮಡ್ಕೆ ತಂದಿದ್ದೀರಾ?" ಎಂದಳು.

ಇಲ್ಲವೆಂದೆ.

"ಅಯ್ಯೋ ದೇವ್ರೇ! ಮತ್ತೆ ಉಣ್ಣೋದು ಎಂಗಣ್ಣಾ?"

ಅವಳ ಹಿಂದೆ ಗೋಡೆಯುದ್ದಕ್ಕೂ ಹನ್ನೊಂದು ಒಲೆಗಳು ಹೊಗೆಯಾಡುತ್ತಿದ್ದವು. ಒಂದು ಅವಳದು, ಉಳಿದ ಒಂದೊಂದರ ಮುಂದೆ ಒಬ್ಬೊಬ್ಬ ಮುದುಕ ಅಥವಾ ಮುದುಕಿ. ಒಂದೊಂದರ ಮೇಲೆ ಪುಟ್ಟ ಮಡಕೆ.

ಕಡಲತೀರದ ಬಂಧುಗಳೇ, ನೀವು ಈ ಧರ್ಮಸಂಸ್ಥೆಯ ಚರಿತ್ರೆಯ ಕಿರುಪುಸ್ತಕವನ್ನು ಓದಿದ್ದೀರಿ. ಬರಗಾಲದಲ್ಲಿ ಬಂದ ಮೊದಲ ಸ್ವಾಮಿಯವರು (ಇಲ್ಲಿ ಪಾದ್ರಿಗಳನ್ನು ಸ್ವಾಮಿ ಎನ್ನುತ್ತಾರೆ) ಹನೂರಿನಿಂದ ಅಜ್ಜೀಪುರಕ್ಕೆ ಹೋಗುವ ದಾರಿಯಲ್ಲಿ, ಹುಣಸೆಮರದ ಕೆಳಗೆ, ತಾಮ್ರದ ಕೊಪ್ಪರಿಗೆ ಏರಿಸಿದರಂತೆ. ಎಲ್ಲ ಜಾತಿಯವರೂ ಅದರಿಂದಲೇ ಉಂಡರಂತೆ. ಇಂದಿಗೂ ಹಾಗೆಯೇ ಉಣ್ಣುತ್ತಾರಂತೆ. ಹೆಂಡತಿ ತೀರಿಕೊಂಡ ಮೇಲೆ ಆ ಪುಸ್ತಕವನ್ನು ನಂಬಿಯೇ ನಾನು ಇಲ್ಲಿಗೆ ಬಂದೆ. ಶಾಲೆಯ ಮುಖ ನೋಡದೆ, ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚಿನ ಮೇಲೆ ಒತ್ತಿದ ಅಕ್ಷರಗಳನ್ನು ಬೆರಳಿನಿಂದ ತಡವಿ ಓದು ಕಲಿತವನು ನಾನು. ಅಂಥವನಿಗೆ ಅಚ್ಚಾದ ಮಾತಿನ ಮೇಲೆ ಭಕ್ತಿ ಹೆಚ್ಚು.

ನಮ್ಮ ಕಡಲತೀರವೂ ಈ ಕೊಳ್ಳೇಗಾಲ ತಾಲ್ಲೂಕೂ ಎರಡೂ ಮದರಾಸು ಪ್ರಾಂತಕ್ಕೆ ಸೇರಿದವು. ಪಕ್ಕದ ಯಳಂದೂರು ಮಾತ್ರ ಮೈಸೂರು ಸೀಮೆ. ಸರ್ಕಾರದ ಪ್ರಕಾರ ನಾನು ಪರಸ್ಥಳಕ್ಕೆ ಬಂದೇ ಇರಲಿಲ್ಲ. ಆದರೆ ನನ್ನ ಕನ್ನಡ ಕೇಳಿ ಸಂತೆಯವರು ನಗುತ್ತಿದ್ದರು, ಅವರ ಕನ್ನಡದ ನಡುವೆ ತಮಿಳು ನುಸುಳಿದಾಗ ನಾನು ಕಕ್ಕಾಬಿಕ್ಕಿಯಾಗುತ್ತಿದ್ದೆ. ನಮ್ಮಲ್ಲಿ ನಾಲ್ಕು ತಿಂಗಳು ಮಳೆ ಬಿಡುವುದಿಲ್ಲ. ಇಲ್ಲಿ ಮೋಡ ಬೆಟ್ಟದವರೆಗೆ ಬಂದು ಹಿಂದಿರುಗುತ್ತದೆ. ರಾಗಿ ಮುದ್ದೆಗೆ ಉಪ್ಸಾರು, ಅಂದರೆ ಸೊಪ್ಪು ಬೇಯಿಸಿದ ನೀರಿಗೆ ಉಪ್ಪು ಹಾಕಿ ಖಾರದ ಜೊತೆ ಬಡಿಸುವ ಸಾರು. ಅದು ನನ್ನ ಗಂಟಲಿನಲ್ಲಿ ಇಳಿಯಲಿಲ್ಲ. ತಂಗಿ ಊರಿನಿಂದ ಕುಚ್ಚಲಕ್ಕಿ, ಒಣಮೀನು ಕಳುಹಿಸುತ್ತಿದ್ದಳು. ಸಂತೆಯಲ್ಲಿ ಒಂದು ಮಡಕೆ ಕೊಂಡು ಕೋಣೆಯ ಹಿಂದೆ ಗಂಜಿ ಬೇಯಿಸಿಕೊಳ್ಳುತ್ತಿದ್ದೆ.

ಸುತ್ತಲಿನವರು ಗಂಜಿಮನೆ ಎನ್ನುವ ಆ ಸಂಸ್ಥೆಯ ಕೆಲಸ ಸರಳವಾದದ್ದು. ದಿಕ್ಕಿಲ್ಲದ ಮುದುಕರಿಗೆ ಸೂರು ಮತ್ತು ರಾಗಿ, ಹುಣ್ಣಾದವರಿಗೆ ಔಷಧ, ಕಲಿಯಬಯಸಿದವರಿಗೆ ಅಕ್ಷರ. ಮೂರನೆಯದು ನನ್ನ ಪಾಲಿನದು, ಅಂಗಳದ ಉಸ್ತುವಾರಿಯೂ ನನ್ನದೇ. ಎರಡನೆಯ ವರ್ಷ ಜಿಲ್ಲೆಯ ಕೇಂದ್ರವಾದ ಕೊಯಮತ್ತೂರಿನಿಂದ ಕಾಗದ ಬಂತು: ದೊಡ್ಡವರೊಬ್ಬರು ಪುಸ್ತಕ ಓದಿ ಮೆಚ್ಚಿದ್ದಾರೆ, ಆ ಕೊಪ್ಪರಿಗೆಯನ್ನು ನೋಡಲು ಬರುತ್ತಾರೆ.

ನನಗೆ ಯಾರೂ ಆಜ್ಞೆ ಮಾಡಲಿಲ್ಲ. ಪುಸ್ತಕ ಸುಳ್ಳಾಗಬಾರದೆಂದು ನಾನೇ ಹಾರೆ ಹಿಡಿದು ಹನ್ನೊಂದು ಒಲೆಗಳನ್ನೂ ಕಿತ್ತೆ. ಉಗ್ರಾಣದಲ್ಲಿ ಬೋರಲು ಹಾಕಿದ್ದ ಕೊಪ್ಪರಿಗೆಯನ್ನು ಹೊರತರಿಸಿದೆ. ಎರಡು ದಿನ ಹಲವರು ಗೊಣಗುತ್ತ ಉಂಡರು. ಮಧುವನಹಳ್ಳಿಯ ಪುಟ್ಟಮ್ಮಣ್ಣಿ ಮಾತ್ರ ತುತ್ತು ಮುಟ್ಟಲಿಲ್ಲ. ಕೊರಳಲ್ಲಿ ಲಿಂಗ ಧರಿಸಿದ ವಿಧವೆ. ಹೊಲಮನೆಯಿದ್ದವರ ಸೊಸೆಯಾಗಿದ್ದು, ಪಾಲಾದಾಗ ಯಾರ ಪಾಲಿಗೂ ಬಾರದೆ ಉಳಿದವರು. ಮೂರನೆಯ ಬೆಳಿಗ್ಗೆ ನೋಡಿದರೆ ಅವರ ಜಾಗ ಖಾಲಿ. ಮಡಕೆ ಮಾತ್ರ ಅಲ್ಲೇ ಇತ್ತು.

"ಓಗಿ ಕರ್ಕಂಡ್ ಬನ್ನಿ," ಎಂದಳು ಆರೋಗ್ಯಮ್ಮ. ಮೊದಲ ದಿನ ನನ್ನನ್ನು ಮಡಕೆ ಕೇಳಿದವಳು ಅವಳೇ. ಅಲ್ಲಿಯೇ ಬೆಳೆದು ಅಲ್ಲಿಯೇ ಕೆಲಸಕ್ಕೆ ನಿಂತವಳು.

"ನೀನು ಮುಟ್ಟಿದ ನೀರನ್ನೂ ಆಕೆ ಕುಡಿಯುವುದಿಲ್ಲವಲ್ಲ. ನಿನಗೆ ನೋವಿಲ್ಲವೇ?"

"ಐತೆ. ಯಾಕಿಲ್ಲ? ಅವ್ರು ಉಪಾಸ ಸತ್ರೆ ನನ್ ನೋವು ವಾಸಿಯಾಯ್ತದಾ?" ಆಮೇಲೆ ಅವಳು ಪುಸ್ತಕದಲ್ಲಿಲ್ಲದ ಮಾತು ಹೇಳಿದಳು. ಕೊಪ್ಪರಿಗೆ ಕುದಿದದ್ದು ಒಂದೇ ದಿನ. ಅರ್ಧ ಜನ ಉಂಡರು, ಅರ್ಧ ಜನ ಹೊತ್ತು ಮುಳುಗುವವರೆಗೆ ಬೇಲಿಯಾಚೆ ನಿಂತೇ ಇದ್ದರು. ಮಾರನೆಯ ದಿನ ಸ್ವಾಮಿಯವರೇ ಸಂತೆಯಿಂದ ಮಡಕೆಗಳನ್ನು ಹೊರಿಸಿಕೊಂಡು ಬಂದರು. "ನಮ್ಮವ್ವ ನೋಡವ್ಳೆ."

ನಾನು ಅದನ್ನೂ ಹಾಗೇ ನಂಬಲಿಲ್ಲ. ಕೊಪ್ಪರಿಗೆಯ ತಳ ನೆನೆದುಕೊಂಡೆ. ಹೊರತಂದ ದಿನ ಅದರಲ್ಲಿ ಮಸಿಯೇ ಇರಲಿಲ್ಲ, ಒಂದು ದಿನವೂ ಒಲೆ ಏರಿದಂತೆ ಕಾಣುತ್ತಿರಲಿಲ್ಲ. ಹಾಗೆಂದೆ. "ಉಣ್ಸೆಹಣ್ಣಲ್ಲಿ ಉಜ್ಜಿದ್ರೆ ಯಾವ್ ಮಸೀನೂ ಓಯ್ತದೆ. ನಿಲ್ಬ್ಯಾಡಿ, ಓಗಿ!" ಎಂದು ಗದರಿದಳು.

ಹನೂರು ಇನ್ನೂ ಕಾಣಿಸುವ ಮೊದಲೇ, ದಾರಿಬದಿಯ ಕಲ್ಲಿನ ಮೇಲೆ ಪುಟ್ಟಮ್ಮಣ್ಣಿ ಕುಳಿತಿದ್ದರು. ತುಟಿ ಒಣಗಿತ್ತು.

"ಅಮ್ಮಾ, ಮಧುವನಹಳ್ಳಿಯಲ್ಲಿ ನಿಮಗೆ ಯಾರಿದ್ದಾರೆ?"

"ಬಾಗ್ಲು ಅದೆ. ತೆಗಿಯೋರಿಲ್ಲ."

"ಹಿಂದಿರುಗಿ ಬನ್ನಿ. ಕೊಪ್ಪರಿಗೆಯಲ್ಲಿ ಮಾಂಸ ಬೇಯಿಸುವುದಿಲ್ಲವೆಂದು ಮಾತು ಕೊಡುತ್ತೇನೆ. ಎಲ್ಲರ ಜೊತೆ ಉಣ್ಣಿ."

"ಎಲ್ಲಾರ ಜೊತೆ!" ಆ ಸುಸ್ತಿನಲ್ಲೂ ಅವರು ನಕ್ಕರು. "ಅಲ್ಲಾ ಮೇಷ್ಟ್ರೇ, ಅನ್ನೊಂದು ಒಲೆ ಕಿತ್ರಲ್ಲ, ಅನ್ನೆರಡನೇದು ಯಾಕ್ ಬುಟ್ರಿ?"

"ಹನ್ನೆರಡನೆಯದೇ?"

"ನಿಮ್ ಕೋಣೆ ಇಂದ್ಗಡೇದು. ಆ ಕೆಂಪಕ್ಕಿ ಗಂಜಿ, ಆ ಒಣಮೀನು! ಗಾಳಿ ಈ ಕಡೆ ಬೀಸುದ್ರೆ ಒಟ್ಟೆ ತೊಳಸ್ತದೆ. ನಾನೇನಾರ ಬಂದು ಒದ್ದಿದ್ನಾ?"

"ಅದು ಜಾತಿಯಲ್ಲಮ್ಮಾ, ಅಭ್ಯಾಸ."

"ಅಬ್ಯಾಸ್ವೇ ಕಣ್ರಿ ನಮ್ದೂವೆ."

ನನ್ನ ಬಳಿ ಉತ್ತರವಿತ್ತು. ಅಭ್ಯಾಸಕ್ಕೂ, ಇನ್ನೊಬ್ಬಳ ಕೈಯ ನೀರು ಬೇಡವೆನ್ನುವುದಕ್ಕೂ ಅಂತರವಿದೆ. ಇಂದಿಗೂ ಹಾಗೆಂದೇ ನಂಬಿದ್ದೇನೆ. ಆದರೆ ಎರಡು ದಿನ ಉಪವಾಸವಿದ್ದ ಮುದುಕಿಯ ಎದುರು, ಗಂಜಿ ಕುಡಿದು ಹೊರಟಿದ್ದ ನಾನು ಆ ಮಾತನ್ನು ಆಡಲಾರದೆ ಹೋದೆ. "ಏನು ಮಾಡಲಿ, ಹೇಳಿ," ಎಂದೆ.

"ಕಿತ್ತೋರೇ ಊಡಿ."

ಹೂಡಿದೆ. ಅವರನ್ನು ಅಂಗಳಕ್ಕೆ ಕರೆತಂದು, ಅಂದೇ ಮೂರು ಕಲ್ಲು ಹುಡುಕಿ, ಮಣ್ಣು ಕಲಸಿ ಮೆತ್ತಿದೆ. ಕಲ್ಲು ಓರೆಯಾಯಿತೆಂದು ಅವರು ಎರಡು ಸಲ ಕೀಳಿಸಿದರು. ಉಳಿದ ಹತ್ತನ್ನು ಮಾರನೆಯ ದಿನ ಹೂಡಿದೆ. ಆ ದೊಡ್ಡವರು ಬರಲೇ ಇಲ್ಲ.

ಅಂದಿನಿಂದ ಒಂದನ್ನು ಗಮನಿಸತೊಡಗಿದೆ. ಬೆಳಿಗ್ಗೆ ಆರೋಗ್ಯಮ್ಮ ಮೊದಲು ಒಲೆ ಹಚ್ಚುತ್ತಾಳೆ. ಉಳಿದವರೆಲ್ಲ ಒಡೆದ ಮಡಕೆಯ ಚೂರು ಹಿಡಿದು ಅಲ್ಲಿಂದ ಕೆಂಡ ಒಯ್ಯುತ್ತಾರೆ. ಅವಳ ಕೈಯ ನೀರು ಒಲ್ಲದ ಪುಟ್ಟಮ್ಮಣ್ಣಿಯೂ ಕೆಂಡ ಒಯ್ಯುತ್ತಿದ್ದರು. ಪುಸ್ತಕ ಬರೆದವರು ಇದನ್ನು ನೋಡಿರಲಿಲ್ಲ, ಅಥವಾ ನೋಡಿ ಸಾಲದೆಂದುಕೊಂಡರು. ನನಗೂ ಇದು ಸಾಲದು. ಆದರೂ ನಾನೂ ಒಂದು ಚೂರು ಹಿಡಿದು ಆ ಸಾಲಿಗೆ ಸೇರಿದೆ.

ಪುಟ್ಟಮ್ಮಣ್ಣಿ ತೀರಿಹೋಗಿ ವರ್ಷಗಳಾದವು. ಈಗ ಚರಿತ್ರೆಯನ್ನು ಮತ್ತೆ ಅಚ್ಚು ಹಾಕಿಸುತ್ತಾರಂತೆ. ತಿದ್ದಿ ಕೊಡು ಎಂದಿದ್ದಾರೆ. ಕೊಪ್ಪರಿಗೆ ಒಂದು ದಿನ ಕುದಿಯಿತೆಂದು ಹೇಳುವವರಿದ್ದಾರೆ, ನಾನು ಕಂಡದ್ದು ಹನ್ನೆರಡು ಒಲೆ ಎಂದು ಬರೆದಿದ್ದೇನೆ. ಅಚ್ಚು ಹಾಕುತ್ತಾರೋ ಇಲ್ಲವೋ ಕಾಣೆ. ವಾದಿಸುವ ಶಕ್ತಿ ಈಗಿಲ್ಲ.

ಹೋದ ಬೇಸಿಗೆಯಲ್ಲಿ ಊರಿಗೆ ಬಂದಿದ್ದೆ. ತಂಗಿ ಕುಚ್ಚಲಕ್ಕಿ ಗಂಜಿಯನ್ನೇ ಬಡಿಸಿದಳು. ರಾಗಿಗೆ ಒಗ್ಗಿಹೋದ ಹೊಟ್ಟೆಗೆ ಹೊತ್ತಿಗೆ ಮುಂಚೆ ಹಸಿವಾಯಿತು. ಬೆಳಿಗ್ಗೆ ಎದ್ದವನು ನಿದ್ದೆಗಣ್ಣಿನಲ್ಲಿ ಹಿತ್ತಿಲಿನ ಹೆಂಚಿನ ಚೂರೊಂದನ್ನು ಎತ್ತಿಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತಿದ್ದೆ. ಆ ಮನೆಯ ಸೊಸೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಬೆಂಕಿಪೊಟ್ಟಣ ತಂದುಕೊಟ್ಟಳು. "ಇಟ್ಟುಕೊಳ್ಳಿ, ವಾಪಸ್ಸು ಕೊಡುವುದು ಬೇಡ," ಎಂದಳು.

ಹಿಂದಿರುಗಿ ಬಂದಾಗ ಆರೋಗ್ಯಮ್ಮ ಕೆಂಡವನ್ನು ನನ್ನ ಚೂರಿಗೆ ದೂಡುತ್ತ ಕೇಳಿದಳು: "ಊರಿಂದ ಯಾವಾಗ್ ಬಂದ್ರಣ್ಣಾ? ಮತ್ತೆ ಊರಿಗೆ ಯಾವಾಗ್ ಓಯ್ತೀರಿ?"