ಶುಕ್ರವಾರ ಹತ್ತೂವರೆಯ ಯುದ್ಧ

ನಾಯಕರು ತಮ್ಮ ದೇಶವನ್ನು ಯುದ್ಧಕ್ಕೆ ಇಳಿಸುವ ತೀರ್ಮಾನ ಹೇಗೆ ಮಾಡುತ್ತಾರೆ ಎಂಬುದನ್ನು ಎಗ್ಮೋರ್ ಹತ್ತಿರದ ಕಾಲೇಜೊಂದರಲ್ಲಿ ಹನ್ನೊಂದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಹನ್ನೆರಡೂ ಇರಬಹುದು. ಪಾಠದ ಕೊನೆಗೊಂದು ಆಟ. ಅರ್ಧ ತರಗತಿ ಒಂದು ದೇಶ, ಇನ್ನರ್ಧ ಪಕ್ಕದ ದೇಶ, ನಡುವೆ ನಾನು ಬೋರ್ಡಿನ ಮೇಲೆ ಬರೆದ ಇಡ್ಲಿಯಾಕಾರದ ದ್ವೀಪ. ಯುದ್ಧವೋ, ಹಿಂದೆ ಸರಿಯುವುದೋ, ಮೊದಲ ದೇಶದ ಪ್ರಧಾನಿ ಬೆಲ್ ಹೊಡೆಯುವುದರೊಳಗೆ ಹೇಳಬೇಕು. ಹೇಳದಿದ್ದರೆ ಇಪ್ಪತ್ತು ಅಂಕಕ್ಕೆ ಸೊನ್ನೆ.

ಪ್ರತಿ ವರ್ಷವೂ ಯುದ್ಧವೇ ಆಯಿತು. ಕಾರಣಗಳನ್ನು ನಾನೇ ವಿವರಿಸುತ್ತಿದ್ದೆ: ಅಂಜುಬುರುಕರೆನಿಸಿಕೊಳ್ಳುವ ಭಯ, ಎಲ್ಲಕ್ಕೂ ತಲೆಯಾಡಿಸುವ ಮಂತ್ರಿಗಳು, ಬೇಗ ಗೆದ್ದುಬಿಡುತ್ತೇವೆಂಬ ಭ್ರಮೆ.

ಈ ವರ್ಷದ ಪ್ರಧಾನಿ ಕನ್ನಡ ಮನೆಮಾತಿನ ಹುಡುಗಿ. ಕಾಮಾಲೆಯಾಗಿ ಎರಡು ಟೆಸ್ಟ್ ತಪ್ಪಿಸಿಕೊಂಡಿದ್ದಳು. ಈ ಇಪ್ಪತ್ತೂ ಹೋದರೆ ಪರೀಕ್ಷೆಗೆ ಕೂರುವಂತಿರಲಿಲ್ಲ.

ಶುಕ್ರವಾರ, ಹತ್ತೂವರೆಯ ಪೀರಿಯಡ್. ಸೇನಾಪತಿಯಾಗಿದ್ದ ಹುಡುಗ ಬೆಂಚು ಬಡಿದ.

"ಅಟ್ಯಾಕ್ ಅಂತ ಹೇಳ್ಬಿಡು ಮಾ, ಟೈಮ್ ಆಗ್ತಿದೆ!"

"ಇರು ಡಾ. ಹನ್ನೆರಡರವರೆಗೂ ರಾಹುಕಾಲ. ಈಗ ಏನೂ ಶುರು ಮಾಡಬಾರದು."

"ಯುದ್ಧ ಏನು ನಿಮ್ಮನೆ ಸೀಮಂತನಾ?"

"ಗೆಲ್ಲಬೇಕಾ ಬೇಡ್ವಾ? ಗೆಲ್ಲಬೇಕಂದ್ರೆ ನಲ್ಲ ನೇರ, ಒಳ್ಳೇ ಗಳಿಗೆ ನೋಡಬೇಕು."

ಮಾತೆಲ್ಲ ನಡೆದದ್ದು ತಮಿಳಿನಲ್ಲಿ. ನನ್ನ ನೆನಪು ಅದನ್ನು ಕನ್ನಡ ಮಾಡಿಕೊಂಡಿದೆ. ಅವಳು ನಿಜಕ್ಕೂ ನಂಬಿ ಹೇಳಿದಳೋ, ಉಪಾಯ ಹೂಡಿದಳೋ ನನಗೆ ಗೊತ್ತಿಲ್ಲ. ಸೇನಾಪತಿ ಮಾತ್ರ ತೆಪ್ಪಗೆ ಕುಳಿತ. ಅವನ ಅಕ್ಕನ ನಿಶ್ಚಿತಾರ್ಥದ ತಟ್ಟೆಗಳನ್ನೂ ರಾಹುಕಾಲ ಕಳೆಯುವವರೆಗೆ ಕಾರಿನಿಂದ ಇಳಿಸಿರಲಿಲ್ಲವಂತೆ.

ಕಾದು ಬೇಸತ್ತ ಶತ್ರು ಪ್ರಧಾನಿ ಎದ್ದು ಬಂದ. "ಬಾವುಟ ಯಾರದಾದ್ರೂ ಇರಲಿ, ಮೀನು ಇಬ್ಬರೂ ಹಿಡಿಯೋಣ. ಆಗುತ್ತಾ?" ಎಂದ. ಹಿಡಿದ ಮೀನು ಯಾರ ಬಂದರಿಗೆ ಎಂದು ಇಬ್ಬರೂ ಚೌಕಾಸಿಗಿಳಿದರು. ಅಷ್ಟರಲ್ಲಿ ಬೆಲ್ ಹೊಡೆಯಿತು.

ಹುಡುಗಿಯ ಮುಖ ಬಾಡಿತು. ಕನ್ನಡಕ್ಕೆ ತಿರುಗಿದಳು. "ಮ್ಯಾಮ್, ನನ್ನ ಮಾರ್ಕ್ಸ್ ಪೋಚಾ, ಹೋಯ್ತಾ?"

ನಿಯಮ ನಿಯಮವೇ. ನಲವತ್ತು ಜನ ನನ್ನನ್ನೇ ನೋಡುತ್ತಿದ್ದರು. ಈಗ ಸಡಿಲಬಿಟ್ಟರೆ ಮುಂದಿನ ವರ್ಷ ನನ್ನ ಮಾತು ಯಾರು ಕೇಳುತ್ತಾರೆ ಎಂದುಕೊಂಡೆ. ಮರುಕ್ಷಣವೇ ನಾಚಿಕೆಯಾಯಿತು: ಇದೇ ಅಲ್ಲವೇ ನಾನು ಪಾಠ ಮಾಡುವ ಭಯ? ಇಷ್ಟು ವರ್ಷ ಆ ಪ್ರಧಾನಿಗಳನ್ನೆಲ್ಲ ಯುದ್ಧಕ್ಕೆ ದೂಡಿದ್ದು ಅವರ ಅಹಂಕಾರವೋ, ನಾನಿಟ್ಟ ಗಡುವೋ?

ತಕ್ಷಣ ನಕ್ಕು ಇಪ್ಪತ್ತು ಕೊಟ್ಟೆ ಎಂದು ನನ್ನ ನೆನಪು. ಅಂದಿನ ದಿನಚರಿ ಬೇರೆಯೇ ಹೇಳುತ್ತದೆ: "ಕಾರಿಡಾರಿನಲ್ಲಿ ಹತ್ತು ನಿಮಿಷ ವಾದ. ಹದಿನೆಂಟು ಎಂದೆ. ಒಪ್ಪಲಿಲ್ಲ, 'ಯಾಕೆ ಮ್ಯಾಮ್, ಒಬ್ಬರೂ ಸತ್ತಿಲ್ಲವಲ್ಲ' ಎಂದಳು."

ಇಪ್ಪತ್ತೇ ಹಾಕಿದೆ. ಎರಡೂ ದೇಶಗಳು ಸಿಳ್ಳೆ ಹೊಡೆದು, ನನ್ನನ್ನೂ ಎಳೆದುಕೊಂಡು ಕ್ಯಾಂಟೀನಿಗೆ ನುಗ್ಗಿದವು.