ಆಕ್ಸಿಲರೇಟರ್ ಇಲ್ಲದ ಸೀಟು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರಿಗೆ ಓಡಿಸಲು ಬರುವುದಿಲ್ಲ, ಇನ್ನೊಬ್ಬರಿಗೆ ಓಡಿಸುವ ಅಧಿಕಾರವಿಲ್ಲ. ಕಲಿಯುವವರ ಕಾಲ ಬಳಿ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರೂ ಇದ್ದರೆ ಕಲಿಸುವವರ ಕಾಲ ಬಳಿ ಕ್ಲಚ್ ಮತ್ತು ಬ್ರೇಕ್ ಎರಡೇ. ಅಂಥ ಸೀಟಿನಲ್ಲಿ ಅರ್ಧ ಆಯುಷ್ಯ ಕಳೆದ ಹೆಂಗಸಿಗೆ ಶಿಷ್ಯರು ಇಟ್ಟ ಹೆಸರು ಬ್ರೇಕಮ್ಮ. ಎದುರಿಗೆ ಟೀಚರ್, ಬೆನ್ನ ಹಿಂದೆ ಬ್ರೇಕಮ್ಮ. ಆಕೆಗೆ ಎರಡೂ ಗೊತ್ತಿತ್ತು, ಎರಡನೆಯದೇ ಹೆಚ್ಚು ಹಿಡಿಸಿತ್ತು. ಹೊಸಬರು ಸ್ಟೇರಿಂಗ್ ಹಿಡಿದು ನಡುಗುವಾಗ ಆಕೆ ಹೇಳುತ್ತಿದ್ದುದು ಒಂದೇ ಮಾತು: "ಓಡಿಸೋದು ನಿನ್ನ ಕೆಲಸ. ನಿಲ್ಲಿಸೋದು ನನಗೆ ಬಿಡು."

ಮಂಡಿಯ ಶಸ್ತ್ರಚಿಕಿತ್ಸೆ ಆದ ಮೇಲೆ ಆಕೆ ನಡೆದಳು, ಮೆಟ್ಟಿಲು ಹತ್ತಿದಳು, ಬಸ್ಸಿನ ಹಿಂದೆ ಓಡಿದ್ದೂ ಉಂಟು. ಆದರೂ ಸ್ಕೂಲಿನ ಮಾಲೀಕ ಆಕೆಯನ್ನು ಕಾರಿನೊಳಗೆ ಬಿಡಲಿಲ್ಲ. ಬಾಗಿಲ ಬಳಿಯ ಮೇಜಿನ ಹಿಂದೆ, ಫೋನಿನ ಪಕ್ಕ ಕೂರಿಸಿದ. ಫೋನು ಬಡಿದುಕೊಂಡರೆ ಎತ್ತಿ, "ಟೀಚರ್ ಇಲ್ಲ, ರಸ್ತೆ ಮೇಲಿದ್ದಾರೆ" ಎನ್ನುವುದು ಹೊಸ ಉದ್ಯೋಗ. ಯಾರೋ ಟೀಚರ್, ಯಾವುದೋ ರಸ್ತೆ. ಆ ವಾಕ್ಯ ಹೇಳಿದಾಗಲೆಲ್ಲ ಆಕೆಗೆ ಬಾಯಲ್ಲಿ ಹರಳು ಸಿಕ್ಕಂತಾಗುತ್ತಿತ್ತು.

ಮಾಲೀಕ ಕೆಟ್ಟವನಲ್ಲ. ಅವನಿಗೆ ಕಾರು ಕಲಿಸಿದವಳೂ ಆಕೆಯೇ; ಅಪ್ಪನಿಂದ ಸ್ಕೂಲು ಬಂದಾಗ ಆಕೆಯ ಮೇಲಿನ ಹೆದರಿಕೆಯೂ ಜೊತೆಗೇ ಬಂದಿತ್ತು. ಅವನು ಮುಖ ನೋಡದೆ ಹೇಳಿದ, "ಟೀಚರ್, ನಿಮ್ಮ ತಲೆ ಮೇಲೆ ನನಗೆ ಅನುಮಾನ ಇಲ್ಲ. ಕಾಲಿನ ಮೇಲಿದೆ. ಅದು ಒಂದು ಚೂರು ತಡ ಮಾಡಿದ್ರೆ ದಾರೀಲಿ ಹೋಗೋರ ಜೀವ ಹೋಗುತ್ತೆ."

"ಪರೀಕ್ಷೆ ಮಾಡಿ ನೋಡು."

"ರಸ್ತೆ ಮೇಲೆ ಮಾಡೋ ಪರೀಕ್ಷೇನಾ ಇದು?"

ಮಾತು ನ್ಯಾಯವಾಗಿತ್ತು. ಆಕೆಗೆ ಸಿಟ್ಟು ಬಂದದ್ದೂ ಅದಕ್ಕೇ. ತಿಂಗಳು ಹುಟ್ಟಿದರೆ ಬೇರೊಬ್ಬ ಟೀಚರ್ ಬರುವುದೆಂದು ಆಗಲೇ ಮಾತಾಗಿತ್ತು. ಅವನು ಒಮ್ಮೆ ಆ ಸೀಟಿನಲ್ಲಿ ಕೂತನೆಂದರೆ ಆಕೆಗೆ ಮೇಜೇ ಗತಿ.

ಮನೆಯಲ್ಲಿ ಮಗ, ಸೊಸೆ. ಮಗ ಔಷಧಿ ಅಂಗಡಿಗಳಿಗೆ ಮಾಲು ತಲುಪಿಸುವ ವ್ಯಾನಿನ ಡ್ರೈವರ್. ಇಡೀ ದಿನ ನಿಜವಾದ ಗಾಡಿ ಓಡಿಸಿ ಬಂದು, ಸಂಜೆ ಕಂಪ್ಯೂಟರಿನ ಮುಂದೆ ಕೂತು ರೇಸಿನ ಕಾರು ಓಡಿಸುತ್ತಿದ್ದ. ಮೇಜಿಗೆ ಬಿಗಿದ ಪ್ಲಾಸ್ಟಿಕ್ ಸ್ಟೇರಿಂಗ್, ಕೆಳಗೆ ಆಟಿಕೆಯಂಥ ಪೆಡಲ್. ಆ ಸಂಜೆ ಬ್ರೇಕಮ್ಮ ಪಕ್ಕದ ಕುರ್ಚಿಯಲ್ಲಿ ಕೂತು, ಪ್ರತಿ ತಿರುವಿಗೂ ಬರಿಗಾಲಿನಿಂದ ನೆಲ ಒತ್ತುತ್ತಿದ್ದಳು.

"ಅಮ್ಮ, ನೆಲ ತೂತಾದ್ರೆ ಕೆಳಗಿನ ಮನೆಯವರು ಜಗಳಕ್ಕೆ ಬರ್ತಾರೆ."

ಯಾರೂ ಸಾಯದ ರಸ್ತೆಯೊಂದು ತನ್ನ ಮನೆಯಲ್ಲೇ ಇದೆ ಎಂಬುದು ಆಕೆಗೆ ಆಗಷ್ಟೇ ಹೊಳೆದಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಆದರೆ ಪ್ಲಾಸ್ಟಿಕ್ ಪೆಡಲ್ ಆಕೆಗೆ ಒಗ್ಗಲಿಲ್ಲ. ಕಾಲಿಟ್ಟರೆ ಸೊಪ್ಪಿನ ಮೇಲೆ ಕಾಲಿಟ್ಟಂತೆ ಕುಸಿಯುತ್ತಿತ್ತು. ಪರೀಕ್ಷೆ ಆಗಬೇಕಾದದ್ದು ಕಾಲಿಗೆ, ಆಟಿಕೆಗಲ್ಲ ಎಂದು ಆಕೆ ಗುಜರಿ ಅಂಗಡಿಗೆ ಹೋದಳು. ಸ್ಕೂಲಿನ ಹಳೆಯ ಕಾರು ಅಲ್ಲೇ ಚಕ್ರ ಕಳಚಿಕೊಂಡು ಕೂತಿತ್ತು. ಆಕೆ ತನ್ನ ಬದಿಯ ಬಾಗಿಲು ತೆಗೆದು, ಬಗ್ಗಿ, ಸ್ಪ್ಯಾನರ್ ಹಾಕಿ ಪೆಡಲ್‌ಗಳನ್ನು ಬಿಚ್ಚಿದಳು. ಬ್ರೇಕಿನ ರಬ್ಬರು ಒಂದು ಅಂಚಿನಲ್ಲಿ ನುಣ್ಣಗೆ ಸವೆದಿತ್ತು. ಅದು ಆಕೆಯದೇ ಚಪ್ಪಲಿಯ ಕೆಲಸ. ಸ್ಟೇರಿಂಗನ್ನೂ ಬಿಚ್ಚಿಕೊಂಡಾಗ ಗುಜರಿಯವನು ಮನೆಯಲ್ಲೇ ಕಾರು ಕಟ್ಟುತ್ತೀರಾ ಎಂದು ಕೇಳಿದ. ಕಾರೊಂದನ್ನು ಬಿಟ್ಟು ಉಳಿದದ್ದೆಲ್ಲ ಕಟ್ಟುತ್ತೇನೆ ಎಂದಳು ಬ್ರೇಕಮ್ಮ.

ಸೊಸೆಗೆ ಮೊಬೈಲ್ ರಿಪೇರಿ ಕೆಲಸ. ಕೂದಲೆಳೆಯಂಥ ವೈರಿಗೆ ಬೆಸುಗೆ ಹಾಕುವ ಕೈ ಅವಳದು. ಅತ್ತೆ ಕಬ್ಬಿಣದ ಕಡೆ, ಸೊಸೆ ವೈರಿನ ಕಡೆ. ಮಗನಿಗೆ ಬೋಲ್ಟು ಎತ್ತಿಕೊಡುವುದು ಮತ್ತು ಬೈಸಿಕೊಳ್ಳುವುದು. ಅವನ ಪ್ಲಾಸ್ಟಿಕ್ ಸ್ಟೇರಿಂಗಿನ ಕರುಳನ್ನೆಲ್ಲ ಹೊರಗೆಳೆದು ಗುಜರಿಯ ಸ್ಟೇರಿಂಗಿಗೆ ಜೋಡಿಸಿದ ದಿನ ಅವನು ಊಟದವರೆಗೂ ಮಾತಾಡಲಿಲ್ಲ.

ಮೊದಲು ಚಕ್ರದ ಕುರ್ಚಿ ಹಾಕಿ ನೋಡಿದರು. ಬ್ರೇಕಮ್ಮ ಬ್ರೇಕ್ ಒತ್ತಿದಳು. ಪೆಡಲ್ ಇಳಿಯುವ ಬದಲು ಕುರ್ಚಿ ಹಿಂದಕ್ಕೆ ಹೋಗಿ ಬೀರುವಿಗೆ ಬಡಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮಗ ಗೊಣಗಿದ. ನೆಲವಲ್ಲ, ಕುರ್ಚಿ ಎಂದು ಆಕೆ ಅಟ್ಟದ ಮೇಲಿದ್ದ ಹಳೆಯ ಕಬ್ಬಿಣದ ಮಂಚವನ್ನು ಇಳಿಸಿ ಕೊಯ್ಯಿಸಿದಳು. ಮಂಚದ ಚೌಕಟ್ಟಿಗೆ ಸೀಟು, ಅದೇ ಚೌಕಟ್ಟಿಗೆ ದಪ್ಪ ಪ್ಲೈವುಡ್, ಪ್ಲೈವುಡ್ಡಿಗೆ ಪೆಡಲ್. ಈಗ ಒತ್ತಿದರೆ ಯಾವುದೂ ಕದಲಲಿಲ್ಲ.

ಬ್ರೇಕಿನದೇ ದೊಡ್ಡ ತಕರಾರು. ಸೊಸೆ ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯನ್ನು ಪೆಡಲಿನ ಬುಡಕ್ಕೆ ಕಟ್ಟಿದ್ದಳು. ಪೆಡಲ್ ಕೆಳಗಿಳಿದಷ್ಟೂ ಗುಂಡಿ ತಿರುಗಿ, ಅಷ್ಟು ಬ್ರೇಕ್ ಬಿತ್ತೆಂದು ಕಂಪ್ಯೂಟರಿಗೆ ಹೇಳುತ್ತಿತ್ತು. ಬ್ರೇಕಮ್ಮ ಒತ್ತಿ ನೋಡಿ ತಲೆ ಅಲ್ಲಾಡಿಸಿದಳು. "ಇದು ಕಾಲು ಎಷ್ಟು ದೂರ ಹೋಯ್ತು ಅಂತ ನೋಡುತ್ತೆ. ನಿಜವಾದ ಬ್ರೇಕು ದೂರ ಕೇಳಲ್ಲ ಮಗಳೇ, ಭಾರ ಕೇಳುತ್ತೆ."

ಸೊಸೆ ಸ್ವಲ್ಪ ಹೊತ್ತು ಯೋಚಿಸಿದಳು. ಎದ್ದು ಹೋಗಿ ಬಚ್ಚಲುಮನೆಯ ಬಾಗಿಲ ಹಿಂದಿದ್ದ, ಮೇಲೆ ನಿಂತು ತೂಕ ನೋಡುವ ಯಂತ್ರವನ್ನು ತಂದಳು. ಮಗನ ಪ್ರಕಾರ ಅದು ಕೆಟ್ಟಿತ್ತು. ಸೊಸೆಯ ಪ್ರಕಾರ ನಿಜ ಹೇಳುತ್ತಿತ್ತು. ಅದರ ಹೊಟ್ಟೆಯಲ್ಲಿದ್ದ ಲೋಹದ ಚಿಕ್ಕ ತುಂಡುಗಳಿಗೆ ಭಾರ ಅಳೆಯುವುದೊಂದೇ ಕೆಲಸ. ಅವನ್ನು ಪೆಡಲಿನ ಹಿಂದೆ ಕೂರಿಸಿ, ನಡುವೆ ಗಟ್ಟಿ ರಬ್ಬರಿನ ಬಿಲ್ಲೆ ಇಟ್ಟರು. ಬ್ರೇಕಮ್ಮ ಒತ್ತಿದಳು. ಪೆಡಲ್ ಹೆಚ್ಚು ಇಳಿಯಲಿಲ್ಲ, ಕಾಲಿಗೆ ಎದುರುತ್ತರ ಕೊಟ್ಟಿತು. ಪರದೆಯ ಮೂಲೆಯಲ್ಲಿ ಬ್ರೇಕಿನ ಕೆಂಪು ಪಟ್ಟಿ ಮೇಲೇರಿತು. ಆಕೆ ಮೆಚ್ಚಿದಳು ಎಂಬುದು ಸೊಸೆಗೆ ಗೊತ್ತಾದದ್ದು, ಆಕೆ ಏನೂ ಹೇಳದೇ ಇದ್ದುದರಿಂದ.

ಭಾನುವಾರ ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಬ್ರೇಕಮ್ಮ ಸೀಟಿನಲ್ಲಿ ಕೂತು ಬೆನ್ನು ನೇರ ಮಾಡಿದಳು, ಸ್ಟೇರಿಂಗ್ ಹಿಡಿದಳು, ಕ್ಲಚ್ ಒತ್ತಿದಳು, ಬಿಟ್ಟಳು. ಪರದೆಯ ಮೇಲೆ ಉಳಿದ ಕಾರುಗಳೆಲ್ಲ ಬಾಣದಂತೆ ಹೋದವು. ಆಕೆಯದು ನಿಂತೇ ಇತ್ತು. ಮಗ ವೈರ್ ಅಲ್ಲಾಡಿಸಿದ. ಕಾರು ಹೂಂ ಎನ್ನಲಿಲ್ಲ. ಸೊಸೆ ಮೆಲ್ಲಗೆ ಬಗ್ಗಿ ಕೆಳಗೆ ನೋಡಿದಳು.

"ಅತ್ತೆ, ಓಡೋದು ಯಾವುದರಿಂದ?"

ಕ್ಲಚ್ ಇತ್ತು, ಬ್ರೇಕ್ ಇತ್ತು. ಆಕ್ಸಿಲರೇಟರ್ ಇರಲಿಲ್ಲ. ಗುಜರಿಯ ಕಾರಿನಲ್ಲಿ ಆಕೆಯ ಕೈ ತನ್ನ ಬದಿಗೆ ಹೋಗಿತ್ತು, ತನ್ನ ಬದಿಯಲ್ಲಿ ಇದ್ದುದನ್ನು ತಂದಿತ್ತು. ಇಷ್ಟು ದಿನ ಮೂವರು ಅದರ ಮೇಲೆ ಬಗ್ಗಿ ಕೂತಿದ್ದರೂ ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಮದುವೆಗೆ ಚಪ್ಪರದಿಂದ ಚಮಚದವರೆಗೆ ಎಲ್ಲ ತಂದು ಗಂಡನ್ನೇ ಮರೆತಂತೆ. ಮಗ ನೆಲದ ಮೇಲೆ ಬಿದ್ದು ನಕ್ಕ. ಬ್ರೇಕಮ್ಮನ ಮುಖ ಕೆಂಪಾಯಿತು. ಆಮೇಲೆ ಆಕೆಯೂ ನಕ್ಕಳು, ಸ್ವಲ್ಪ ಕಮ್ಮಿ.

ಮರುದಿನ ಹೋಗಿ ಕಲಿಯುವವರ ಬದಿಯ ಮೂರನ್ನೂ ಬಿಚ್ಚಿ ತಂದಳು. ಎರಡು ಪೆಡಲಿನ ಹಲಗೆ ಮೂಲೆಗೆ ಹೋಯಿತು, ಮೂರು ಪೆಡಲಿನ ಹಲಗೆ ಬಂತು. ಕಾರು ಓಡಿತು. ಓಡಿದ ಮೇಲೆಯೇ ನಿಜವಾದ ಕೇಡು ಕಾಣಿಸಿದ್ದು.

ಮುಂದಿನ ಕಾರು ಗಿರಕಿ ಹೊಡೆದು ಅಡ್ಡ ನಿಂತರೆ, ಆಕ್ಸಿಲರೇಟರಿನಿಂದ ಬ್ರೇಕಿಗೆ ಮಗನ ಕಾಲು ಹಾರುತ್ತಿತ್ತು, ಆಕೆಯದು ಆಗಷ್ಟೇ ಹೊರಡುತ್ತಿತ್ತು. ಎಷ್ಟು ಸಲ ಆಡಿದರೂ ಅಷ್ಟೇ. ಪೆಡಲ್ ಸರಿಯಿತ್ತು, ಯಂತ್ರ ಸರಿಯಿತ್ತು. ಪರದೆಯ ಕೆಂಪು ಪಟ್ಟಿ ಯಾರ ಮರ್ಜಿಗೂ ಬೀಳುವಂಥದಲ್ಲ. ಕೆಲವರು ಇಂಥ ಹೊತ್ತಿನಲ್ಲಿ ಯಂತ್ರವನ್ನು ಬೈಯುತ್ತಾರೆ. ಆಕೆ ಬೈಯಲಿಲ್ಲ. ಮಾಲೀಕ ಹೇಳಿದ್ದು ಸರಿ ಎಂದು ಒಂದೇ ಮಾತಿನಲ್ಲಿ ಒಪ್ಪಿ, ಸೊಸೆಗೆ ಸೀಟು ಬಿಟ್ಟುಕೊಟ್ಟು ಪಕ್ಕದ ಕುರ್ಚಿಯಲ್ಲಿ ಕೂತಳು.

ಸೊಸೆಗೆ ಕಾರು ಬಾರದು. ತನ್ನ ಸಮಾಧಾನಕ್ಕೆಂದು, ಅದಕ್ಕಿಂತ ಹೆಚ್ಚಾಗಿ ಅತ್ತೆಯ ಮುಖ ನೋಡಲಾರದೆ, ಅವಳು ಓಡಿಸತೊಡಗಿದಳು. ನೇರ ರಸ್ತೆ, ತಿರುವು, ಮತ್ತೆ ನೇರ ರಸ್ತೆ. ಬ್ರೇಕಮ್ಮನ ಕಾಲು ನೆಲವನ್ನು ಒತ್ತಿತು. ಆಮೇಲೆ ಸೊಸೆಯ ಕಾರು ಗೋಡೆಗೆ ಹೋಗಿ ಬಡಿಯಿತು. ಇನ್ನೊಂದು ಸುತ್ತು. ಕಾಲು ಒತ್ತಿತು, ಕಾರು ಬಡಿಯಿತು. ಎಲ್ಲಿ ಒತ್ತಲಿಲ್ಲವೋ ಅಲ್ಲಿ ಕಾರು ಸರಾಗವಾಗಿ ಹೋಯಿತು. ಬಾಗಿಲಲ್ಲಿ ನಿಂತಿದ್ದ ಮಗ ಪರದೆಯನ್ನು ಬಿಟ್ಟು ತಾಯಿಯ ಪಾದವನ್ನೇ ನೋಡತೊಡಗಿದ.

"ಅಮ್ಮ, ಇವಳು ತಪ್ಪು ಮಾಡೋದಕ್ಕೆ ಮುಂಚೆನೇ ನೀನು ಒತ್ತುತ್ತಾ ಇದ್ದೀಯ."

"ಮತ್ತೆ? ತಪ್ಪಾದ ಮೇಲೆ ಒತ್ತೋಕೆ ಟೀಚರ್ ಯಾಕೆ ಬೇಕು?" ಎಂದಳು ಬ್ರೇಕಮ್ಮ. ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು. ಸೊಸೆಯ ಎಡ ಭುಜ ಕಿವಿಯ ಕಡೆಗೆ ಏರಿದರೆ ಅವಳ ಕಾಲು ಆಕ್ಸಿಲರೇಟರಿನ ಮೇಲೆ ಬಿಗಿಯಿತೆಂದು ಅರ್ಥ. ಆಕೆ ನೋಡುತ್ತಿದ್ದುದು ರಸ್ತೆಯನ್ನಲ್ಲ, ಓಡಿಸುವವರನ್ನು. ಒಬ್ಬಳೇ ಕೂತು ಓಡಿಸಿದರೆ ಆಕೆಯ ಕಾಲಿಗೆ ವಯಸ್ಸಾಗಿತ್ತು. ಪಕ್ಕದಲ್ಲಿ ಒಬ್ಬರಿದ್ದರೆ ಅದು ಎಲ್ಲರಿಗಿಂತ ಮೊದಲೇ ಹೊರಟಿರುತ್ತಿತ್ತು.

"ಆ ಎರಡು ಪೆಡಲಿನ ಹಲಗೆ ತಗೊಂಡು ಬಾ. ಅದು ಮರೆವಲ್ಲ, ಅದೇ ಸರಿ" ಎಂದಳು ಮಗನಿಗೆ.

ಮಂಚದ ಉಳಿದರ್ಧವೂ ಕೆಲಸಕ್ಕೆ ಬಂತು. ಪಕ್ಕದಲ್ಲಿ ಇನ್ನೊಂದು ಸೀಟು, ಅದರ ಮುಂದೆ ಆ ಹಲಗೆ. ಯಾರು ಒತ್ತಿದರೂ ಕಾರು ನಿಲ್ಲುವಂತೆ, ಯಾರು ಮೊದಲು ಒತ್ತಿದರೆಂದು ಪರದೆಯ ಮೇಲೆ ಬೇರೆ ಬೇರೆ ಪಟ್ಟಿ ಏಳುವಂತೆ ಸೊಸೆ ವೈರ್ ಕೂಡಿಸಿದಳು. ರೇಸಿನ ಕಾರಿಗೆ ಟೀಚರ್ ಬ್ರೇಕ್ ಹಾಕಿದ ಮನೆ ಭೂಮಿಯ ಮೇಲೆ ನಮ್ಮದೊಂದೇ ಎಂದು ಮಗ ಹೇಳಿದ. ತೂಕದ ಯಂತ್ರ ಇಲ್ಲದ ಮನೆಯೂ ನಮ್ಮದೇ, ಅದಕ್ಕೇ ನಿಮಗಿಷ್ಟು ಖುಷಿ ಎಂದಳು ಸೊಸೆ.

ಮಾಲೀಕನನ್ನು ಕರೆಸಿದರು. ಅವನು ಬಂದು, ಮಂಚದಿಂದ ಹುಟ್ಟಿದ ಆ ವಿಚಿತ್ರ ಪ್ರಾಣಿಯನ್ನು ಸುತ್ತಿ ನೋಡಿ, ಓಡಿಸುವ ಸೀಟಿನಲ್ಲಿ ತಾನೇ ಕೂತ. ತಾನು ಕಲಿಯುವವನಲ್ಲ, ತನ್ನನ್ನು ಹಿಡಿಯುವುದು ಸುಲಭವಲ್ಲ ಎಂದು ಮೊದಲೇ ಎಚ್ಚರಿಸಿದ. ಅವನದೊಂದು ಷರತ್ತೂ ಇತ್ತು.

"ಬೇಡದ ಕಡೆ ಒತ್ತಿದ್ರೆ ಸೋತ ಹಾಗೆ, ಟೀಚರ್. ಹೆದರಿಕೊಂಡು ಎಲ್ಲ ಕಡೆ ಒತ್ತೋದು ನನಗೂ ಬರುತ್ತೆ."

"ಒಪ್ಪಿದೆ ಮಾಲೀಕರೇ. ಓಡಿಸೋದು ನಿನ್ನ ಕೆಲಸ."

ಅವನು ಚೆನ್ನಾಗಿಯೇ ಓಡಿಸಿದ. ಒಂದು ತಿರುವು, ಮತ್ತೊಂದು, ಕಡಿದಾದ ಇನ್ನೊಂದು. ಬ್ರೇಕಮ್ಮನ ಪಾದ ಪೆಡಲಿನ ಮೇಲೆ ಹಗುರವಾಗಿ ಕೂತಿತ್ತು, ಅಷ್ಟೇ. ಸುತ್ತು ಮುಗಿಯುತ್ತ ಬಂತು, ಆಕೆ ಒತ್ತಲಿಲ್ಲ. ಮಗ ಉಗುರು ಕಚ್ಚತೊಡಗಿದ. ಆಗ ಮುಂದೆ ಒಂದು ಕಾರು ಕಾಣಿಸಿತು, ಅದರಾಚೆ ತಿರುವು. ಮಾಲೀಕ ಗದ್ದವನ್ನು ಒಂದಿಷ್ಟು ಮೇಲೆತ್ತಿದ. ಬ್ರೇಕಮ್ಮ ಒತ್ತಿದಳು. ಕಾರಿನ ವೇಗ ತಗ್ಗಿತು, ಆಕೆಯ ಪಟ್ಟಿ ಮೇಲೇರಿತ್ತು, ಅವನದು ಇನ್ನೂ ಎದ್ದಿರಲಿಲ್ಲ.

"ಇದು ಬೇಡದ ಕಡೆ. ನಾನು ದಾಟಿಬಿಡ್ತಿದ್ದೆ" ಎಂದ ಮಾಲೀಕ.

"ಹಾಗಾದ್ರೆ ದಾಟು. ಈ ಸಲ ಒತ್ತಲ್ಲ." ಆಕೆ ಕಾಲೆತ್ತಿ ಸೀಟಿನ ಮೇಲೆ ಮಡಿಸಿ ಇಟ್ಟುಕೊಳ್ಳಲು ನೋಡಿದಳು, ಮಂಡಿ ಒಪ್ಪದ್ದರಿಂದ ಪಕ್ಕಕ್ಕೆ ಚಾಚಿದಳು.

ಅವನು ಮತ್ತೆ ಸುತ್ತು ಹಾಕಿದ. ಅದೇ ಜಾಗ, ಮುಂದೆ ಹಾಗೆಯೇ ಒಂದು ಕಾರು. ದಾಟಿದ. ದಾಟಿದ ವೇಗದಲ್ಲೇ ತಿರುವಿನ ಆಚೆ ಹಾರಿ ಗೋಡೆಗೆ ಬಿದ್ದ. ಪರದೆಯಲ್ಲಿ ಚಕ್ರವೊಂದು ಉರುಳಿಕೊಂಡು ತನ್ನ ಪಾಡಿಗೆ ದೂರ ಹೋಯಿತು.

ಮಾಲೀಕ ಎದ್ದು, ತಾನು ಎರಡು ಪೆಡಲಿನ ಸೀಟಿನಲ್ಲಿ ಕೂರುತ್ತೇನೆಂದ. ಸೊಸೆ ಓಡಿಸಿದಳು. ಅವನ ಕಾಲು ಚುರುಕಾದದ್ದೇ, ಆದರೆ ಅದು ಗೋಡೆಯನ್ನು ನೋಡಿ ಏಳುತ್ತಿತ್ತು. ಗೋಡೆ ಕಂಡ ಮೇಲೆ ಒತ್ತಿದ ಬ್ರೇಕು ಯಾರಿಗೂ ಉಪಕಾರ ಮಾಡಲಿಲ್ಲ.

"ನನ್ನಲ್ಲಿ ಏನು ಕಂಡಿರಿ?" ಎಂದು ಕೇಳಿದ, ಹೊರಡುವ ಮುಂಚೆ.

"ಗದ್ದ. ಯಾರನ್ನಾದ್ರೂ ಹಿಂದೆ ಹಾಕಬೇಕು ಅಂದಾಗ ಗದ್ದ ಎತ್ತುತ್ತೀಯ, ಮುಂದಿರೋದು ಮರೀತೀಯ. ಕಲಿಯೋಕೆ ಬಂದಾಗಲೂ ಹಾಗೇ ಮಾಡ್ತಿದ್ದೆ."

ಅವನು ಚಪ್ಪಲಿ ಹಾಕಿಕೊಳ್ಳುತ್ತ, ಆ ಹೊಸ ಟೀಚರ್‌ಗೆ ಬರಬೇಡಿ ಎಂದು ಹೇಳುವುದಾಗಿ ಹೇಳಿದ. ಹಾಗೆಯೇ, ಭಯಸ್ಥ ಶಿಷ್ಯರಿಗೆ ಮೊದಲ ಪಾಠಕ್ಕೆ ಈ ಯಂತ್ರ ಸ್ಕೂಲಿಗೆ ಬಂದರೆ ಹೇಗೆ ಎಂದೂ ಕೇಳಿದ. ಮೊದಲು ತಾನು ಕಾರಿಗೆ, ಆಮೇಲೆ ಮಂಚ ಸ್ಕೂಲಿಗೆ ಎಂದಳು ಬ್ರೇಕಮ್ಮ. ಮಗ ತನ್ನ ಸ್ಟೇರಿಂಗಿನ ಕರುಳಿನ ವಿಚಾರ ಎತ್ತಿದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸೋಮವಾರ ಸ್ಕೂಲಿನ ಮೇಜಿನ ಹಿಂದೆ ಯಾರೂ ಇರಲಿಲ್ಲ. ಫೋನು ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಮಾಲೀಕನೇ ಒಳಗಿನಿಂದ ಎದ್ದು ಬಂದು ಎತ್ತಿದ. ಆ ಕಡೆಯವರು ಬ್ರೇಕಮ್ಮ ಇದ್ದಾರಾ ಎಂದು ಕೇಳಿದರು.

"ಟೀಚರ್ ಇಲ್ಲ" ಎಂದ ಮಾಲೀಕ, "ರಸ್ತೆ ಮೇಲಿದ್ದಾರೆ."